ಯಂತ್ರ ಉಳಿಯಿತು, ಹಾಜರಿ ಪುಸ್ತಕ ಎಲ್ಲಿ?

ಹೋದ ವಾರ ಪಕ್ಷದ ಕೆಲಸದ ಮೇಲೆ ದೊಡ್ಡಉಳ್ಳಾರ್ತಿಗೆ ಹೋಗಿದ್ದೆವು. ಹಿಂದಿರುಗುವ ಬಸ್ಸಿಗಾಗಿ ಚಹದಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದಾಗ ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಪಾಳಿಗೆ ಹೊರಟಿದ್ದ ನಾಲ್ಕೈದು ಜನ ಜೊತೆಗೂಡಿದರು. ಅವರ ನಡುವೆ ಕೆಲಸ ಬಿಟ್ಟು ಬಹಳ ಕಾಲವಾದ ಒಬ್ಬ ವೃದ್ಧರೂ ಇದ್ದರು. ಅವರು ಒಂದು ಗಿರಣಿಯಲ್ಲಿ ಬಾಯ್ಲರಿಗೆ ಉರಿ ಹಾಕುತ್ತಿದ್ದವರು. ಗಿರಣಿ ಮುಚ್ಚಿತು. ಬಾಯ್ಲರು ತುಂಡುತುಂಡಾಗಿ ಗುಜರಿಗೆ ಹೋಯಿತು. ಕಚೇರಿಯ ಹಾಜರಿ ಪುಸ್ತಕಗಳೂ ಸಂಬಳದ ಪಟ್ಟಿಗಳೂ ಅದರ ಹಿಂದೆಯೇ ರದ್ದಿಯಂಗಡಿಗೆ ಹೋದವು. ಈಗ ಪಿಂಚಣಿ ಕೇಳಲು ಹೋದರೆ, ಎಷ್ಟು ವರ್ಷ ದುಡಿದಿರಿ, ಪುರಾವೆ ತೋರಿಸಿ ಎನ್ನುತ್ತಾರಂತೆ. ಅವರು ತೋರಿಸಬಹುದಾದ ಪುರಾವೆ ಎಂದರೆ ಮೊಣಕೈವರೆಗೆ ಸುಟ್ಟ ಗುರುತುಗಳಿರುವ ಎರಡು ಕೈಗಳು ಮಾತ್ರ.

ಅದೇ ಹೊತ್ತಿಗೆ ಯುವಕನೊಬ್ಬ ತನ್ನ ಫೋನಿನಲ್ಲಿ ಒಂದು ಚಿತ್ರವನ್ನು ತೋರಿಸಿದ. ಇಂಗ್ಲೆಂಡಿನಲ್ಲಿ ಮುಚ್ಚಿಹೋದ ಒಂದು ಕಲ್ಲಿದ್ದಲ ಗಣಿಯಲ್ಲಿ ಹಳೆಯ ಉಗಿಯಂತ್ರವನ್ನು ತುಕ್ಕು ಬಿಡಿಸಿ, ಬಣ್ಣ ಬಳಿದು, ಎಣ್ಣೆ ಹಚ್ಚಿ ಜನರು ನೋಡಲೆಂದು ಇಟ್ಟಿರುವ ಚಿತ್ರ ಅದು. ವೃದ್ಧರು ಅದನ್ನು ಬಹಳ ಹೊತ್ತು ನೋಡಿ ಒಂದೇ ಮಾತು ಕೇಳಿದರು: "ಯಂತ್ರವನ್ನು ಇಟ್ಟಿದ್ದಾರೆ, ಸರಿ. ಅದಕ್ಕೆ ಉರಿ ಹಾಕಿದವನ ಹೆಸರನ್ನೂ ಇಟ್ಟಿದ್ದಾರೆಯೇ?"

ಈ ವಾರದ ನಮ್ಮ ಬರಹವೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ಹೊಟ್ಟೆಗೆ ಇಲ್ಲದವನಿಗೆ ಹಳೆಯ ಯಂತ್ರದ ಗೊಡವೆ ಏಕೆ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಕೊನೆಯವರೆಗೆ ಓದಿ ತೀರ್ಮಾನ ಮಾಡಿರೆಂದು ಮಾತ್ರ ಕೋರುತ್ತೇವೆ.

ಮೊದಲು ಆ ಯಂತ್ರದ ವಿಷಯ. ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯಲ್ಲಿ ಆಸ್ಟ್ಲಿ ಗ್ರೀನ್ ಎಂಬ ಗಣಿ ಇತ್ತು. 1908ರಲ್ಲಿ ಅಲ್ಲಿ ಬಾವಿ ತೋಡಲು ಆರಂಭಿಸಿ 1912ರಲ್ಲಿ ಕಲ್ಲಿದ್ದಲು ತೆಗೆದರು. ಬಾವಿಯ ಆಳ ಸುಮಾರು 800 ಮೀಟರ್. ಅಷ್ಟು ಆಳದಿಂದ ಕಲ್ಲಿದ್ದಲನ್ನೂ ಮನುಷ್ಯರನ್ನೂ ಮೇಲಕ್ಕೆ ಎಳೆಯುವುದಕ್ಕೆ ಬ್ಲ್ಯಾಕ್‌ಬರ್ನ್ ಊರಿನ ಯೇಟ್ಸ್ ಮತ್ತು ಥಾಮ್ ಕಂಪನಿಯವರು 3,300 ಅಶ್ವಶಕ್ತಿಯ ಉಗಿಯಂತ್ರವೊಂದನ್ನು ಮಾಡಿಕೊಟ್ಟರು. ಬಾವಿಯ ಮೇಲೆ 98 ಅಡಿ ಎತ್ತರದ ಉಕ್ಕಿನ ಗೋಪುರವನ್ನು ನಿಲ್ಲಿಸಿದರು. 1970ರಲ್ಲಿ ಗಣಿ ಮುಚ್ಚಿತು. ಲ್ಯಾಂಕಾಶೈರಿನಲ್ಲಿ ಒಂದು ಕಾಲಕ್ಕೆ ನೂರಾರು ಗಣಿಗಳಿದ್ದವು. ಅವುಗಳ ಗೋಪುರಗಳೆಲ್ಲ ಉರುಳಿದ ಮೇಲೆ ಉಳಿದಿರುವುದು ಇದೊಂದೇ. ಉಗಿಯಂತ್ರಗಳ ಮೇಲೆ ಅಭಿಮಾನವಿಟ್ಟ ಸ್ವಯಂಸೇವಕರ ಒಂದು ಸಂಘ ವರ್ಷಗಟ್ಟಲೆ ದುಡಿದು ಈ ಯಂತ್ರವನ್ನು ತುಕ್ಕಿನಿಂದ ಕಾಪಾಡಿತು.

ಗಿರಣಿಯಲ್ಲಿ ದುಡಿಯುವ ನಮ್ಮ ವಾಚಕರಿಗೆ ಇದರ ಕೆಲಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಲೆಯ ಬೆಂಕಿಯಿಂದ ಬಾಯ್ಲರಿನ ನೀರು ಉಗಿಯಾಗುತ್ತದೆ. ಉಗಿಯ ಒತ್ತಡ ಸಿಲಿಂಡರಿನೊಳಗಿನ ಕೊಂತವನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ. ಆ ತಳ್ಳುವಿಕೆಯಿಂದ ಒಂದು ದೊಡ್ಡ ಉರುಳೆ ಸುತ್ತುತ್ತದೆ. ಉರುಳೆಗೆ ಉಕ್ಕಿನ ಹಗ್ಗ ಸುತ್ತಿಕೊಂಡಿರುತ್ತದೆ. ನಮ್ಮ ಹಳ್ಳಿಯ ಬಾವಿಯ ರಾಟೆಯಲ್ಲಿ ಒಂದು ಕೊಡ ಮೇಲೆ ಬರುವಾಗ ಇನ್ನೊಂದು ಕೆಳಗೆ ಹೋಗುವಂತೆ, ಅಲ್ಲಿ ಒಂದು ಪಂಜರ ಮೇಲೆ ಬರುವಾಗ ಇನ್ನೊಂದು ಪಂಜರ ಕೆಳಗೆ ಹೋಗುತ್ತಿತ್ತು. ಅದಕ್ಕೂ ಇದಕ್ಕೂ ಇರುವ ಅಂತರವೆಂದರೆ, ಪಂಜರದೊಳಗೆ ನೀರಲ್ಲ, ಮನುಷ್ಯರು ಇರುತ್ತಿದ್ದರು.

ಆ ಸನ್ನೆಗೋಲಿನ ಮುಂದೆ ಒಬ್ಬ ಕೂರುತ್ತಿದ್ದ. ಬಾವಿ ಅವನ ಕಣ್ಣಿಗೆ ಕಾಣುತ್ತಿರಲಿಲ್ಲ. ಕೆಳಗಿನಿಂದ ಬರುವ ಗಂಟೆಯ ಸದ್ದೇ ಅವನಿಗೆ ಆಜ್ಞೆ. ಚಲಿಸುತ್ತಿರುವಾಗ ಒಂದು ಗಂಟೆ ಎಂದರೆ ನಿಲ್ಲಿಸು. ಎರಡು ಎಂದರೆ ಕೆಳಗೆ ಬಿಡು. ಮೂರು ಎಂದರೆ ಮನುಷ್ಯರು ಹತ್ತುತ್ತಿದ್ದಾರೆ, ಎಚ್ಚರ. ಆ ಮೂರು ಗಂಟೆ ಕೇಳಿದ ಮೇಲೆ ಇಪ್ಪತ್ತೋ ಮೂವತ್ತೋ ಸಂಸಾರಗಳ ಅನ್ನ ಅವನ ಬಲಗೈಯಲ್ಲಿರುತ್ತಿತ್ತು. ಉರುಳೆ ಒಂದು ಸುತ್ತು ಹೆಚ್ಚಾಗಿ ತಿರುಗಿದರೆ ಪಂಜರ ಗೋಪುರಕ್ಕೆ ಬಡಿದು ಹಗ್ಗ ಹರಿಯುವ ಅಪಾಯ. ಇದನ್ನು ತಪ್ಪಿಸಲು ಅದೇ ಲ್ಯಾಂಕಾಶೈರಿನ ಆಥರ್ಟನ್ ಊರಿನ ಎಡ್ವರ್ಡ್ ಆರ್ಮರಾಡ್ ಎಂಬ ಎಂಜಿನಿಯರು ಒಂದು ಕೊಕ್ಕೆಯನ್ನು ಕಂಡುಹಿಡಿದ. ಪಂಜರ ಮಿತಿ ಮೀರಿ ಮೇಲೆದ್ದರೆ ಕೊಕ್ಕೆ ಹಗ್ಗದಿಂದ ಕಳಚಿಕೊಂಡು ಪಂಜರವನ್ನು ಅಲ್ಲೇ ತೂಗಿ ನಿಲ್ಲಿಸುತ್ತದೆ. ಅಂಥ ಒಂದು ಕಬ್ಬಿಣದ ತುಂಡು ಎಷ್ಟು ಜನರ ಜೀವ ಉಳಿಸಿರಬಹುದು!

ಉಗಿಯಂತ್ರವೂ ಕಲ್ಲಿದ್ದಲ ಗಣಿಯೂ ಒಂದೇ ತೊಟ್ಟಿಲಿನ ಮಕ್ಕಳು. 1712ರಲ್ಲಿ ಥಾಮಸ್ ನ್ಯೂಕಮನ್ ಎಂಬ ಕಬ್ಬಿಣದ ವ್ಯಾಪಾರಿ ಇಂಗ್ಲೆಂಡಿನ ಡಡ್ಲಿ ಪಟ್ಟಣದ ಬಳಿಯ ಕಲ್ಲಿದ್ದಲ ಗಣಿಯಲ್ಲಿ ನೀರು ಎತ್ತುವ ಉಗಿಯಂತ್ರವನ್ನು ನಿಲ್ಲಿಸಿದ. ಗಣಿಯ ನೀರು ಖಾಲಿಯಾದರೆ ಹೆಚ್ಚು ಕಲ್ಲಿದ್ದಲು, ಹೆಚ್ಚು ಕಲ್ಲಿದ್ದಲು ಸಿಕ್ಕರೆ ಹೆಚ್ಚು ಯಂತ್ರಗಳು. 1769ರಲ್ಲಿ ಜೇಮ್ಸ್ ವಾಟ್ ಅದನ್ನು ಸುಧಾರಿಸಿದ. ಆ ಮೇಲೆ ನೂಲುವ ಗಿರಣಿ, ನೇಯುವ ಗಿರಣಿ, ರೈಲು, ಹಡಗು ಎಲ್ಲವೂ ಬಂದವು. ಆ ಗಿರಣಿಗಳ ಬಟ್ಟೆ ನಮ್ಮ ದೇಶದ ಸಂತೆಗಳಿಗೆ ಬಂದು ನಮ್ಮ ನೇಕಾರರ ಮಗ್ಗಗಳನ್ನು ನಿಲ್ಲಿಸಿದ ಕಥೆ ಮೊಳಕಾಲ್ಮೂರಿನ ನೇಕಾರರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ.

ಆದರೆ ಅಲ್ಲಿಯ ಕಾರ್ಮಿಕನು ಸುಖವಾಗಿದ್ದನೆಂದು ಯಾರೂ ತಿಳಿಯಬಾರದು. ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ನೆಲದಡಿಯ ಕೆಲಸಕ್ಕೆ ಇಳಿಸಬಾರದೆಂಬ ಕಾನೂನು ಇಂಗ್ಲೆಂಡಿನಲ್ಲಿ ಬಂದದ್ದು 1842ರಲ್ಲಿ. ಅಂದರೆ ಅಲ್ಲಿಯವರೆಗೆ ಇಳಿಸುತ್ತಿದ್ದರು ಎಂದೇ ಅರ್ಥ. 1910ರ ಡಿಸೆಂಬರ್ 21ರಂದು ಅದೇ ಲ್ಯಾಂಕಾಶೈರಿನ ಪ್ರಿಟೋರಿಯಾ ಗಣಿಯಲ್ಲಿ ಅನಿಲ ಸ್ಫೋಟವಾಗಿ 344 ಮಂದಿ ಗಂಡಸರೂ ಹುಡುಗರೂ ಸತ್ತರು. ನಮ್ಮ ದೇಶದಲ್ಲೂ 1975ರ ಡಿಸೆಂಬರ್ 27ರಂದು ಧನಬಾದಿನ ಬಳಿಯ ಚಾಸನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಮುಳುಗಿದರು. ಆಗ ನಮ್ಮ ಕಲ್ಲಿದ್ದಲ ಗಣಿಗಳು ರಾಷ್ಟ್ರದ ಸ್ವತ್ತಾಗಿದ್ದವು. ಗಣಿಯ ಒಡೆಯ ಕಂಪನಿಯಾಗಲಿ ಸರಕಾರವಾಗಲಿ, ಕೆಳಗೆ ಇಳಿದವನ ಜೀವಕ್ಕೆ ಬೆಲೆ ಕಟ್ಟದಿದ್ದರೆ ಫಲ ಒಂದೇ.

ಇನ್ನು ಆ ವೃದ್ಧರ ಪ್ರಶ್ನೆಗೆ ಬರೋಣ. ಉರಿ ಹಾಕಿದವನನ್ನು ಯಾರಾದರೂ ನೆನೆದಿದ್ದಾರೆಯೇ? ಸ್ವಲ್ಪ ಮಟ್ಟಿಗೆ ನೆನೆದಿದ್ದಾರೆ ಎಂದು ನಾವು ಒಪ್ಪಬೇಕು. ಇಂಗ್ಲೆಂಡಿನ ವೇಕ್‌ಫೀಲ್ಡ್ ಪಟ್ಟಣದ ಹತ್ತಿರ ಕ್ಯಾಪ್‌ಹೌಸ್ ಎಂಬ ಗಣಿ 1985ರಲ್ಲಿ ಮುಚ್ಚಿತು. 1988ರಲ್ಲಿ ಅದು ಸಂಗ್ರಹಾಲಯವಾಗಿ ತೆರೆಯಿತು. 1995ರಲ್ಲಿ ರಾಷ್ಟ್ರೀಯ ಕಲ್ಲಿದ್ದಲ ಗಣಿ ಸಂಗ್ರಹಾಲಯವಾಯಿತು. 1876ರಲ್ಲಿ ಮಾಡಿದ ಉಗಿಯಂತ್ರ ಅಲ್ಲಿ ಇದೆ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ. ನೋಡಲು ಬಂದವರನ್ನು 140 ಮೀಟರ್ ಕೆಳಕ್ಕೆ ಕರೆದೊಯ್ದು ಗಣಿಯನ್ನು ತೋರಿಸುವವರು ಹಿಂದೆ ಗಣಿಗಳಲ್ಲಿ ದುಡಿದ ಕಾರ್ಮಿಕರೇ. ಅದಕ್ಕೆ ಅವರಿಗೆ ಸಂಬಳವಿದೆ. ವೇಲ್ಸಿನ ಬಿಗ್ ಪಿಟ್ ಗಣಿಯಲ್ಲೂ ಇದೇ ಪದ್ಧತಿ. ಅದು 1980ರಲ್ಲಿ ಮುಚ್ಚಿ, ಮೂರೇ ವರ್ಷದಲ್ಲಿ ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು.

ಆ ದೇಶದ ಕೊನೆಯ ಆಳದ ಕಲ್ಲಿದ್ದಲ ಗಣಿಯಾದ ಕೆಲಿಂಗ್ಲಿ 2015ರ ಡಿಸೆಂಬರಿನಲ್ಲಿ ಮುಚ್ಚಿತು. ಗಣಿಗಳನ್ನು ಮುಚ್ಚುವುದರ ವಿರುದ್ಧ 1984-85ರಲ್ಲಿ ಸುಮಾರು ಒಂದು ವರ್ಷ ಕಾಲ ಮುಷ್ಕರ ಹೂಡಿ ಸೋತ ಕಾರ್ಮಿಕರಿಗೆ ಸಂಗ್ರಹಾಲಯದ ಕೆಲಸ ನ್ಯಾಯವಾದ ಪರಿಹಾರವೆಂದು ನಾವು ಹೇಳುವುದಿಲ್ಲ. ನೂರು ಜನರ ಅನ್ನ ಕಿತ್ತು ಒಬ್ಬನನ್ನು ಮಾರ್ಗದರ್ಶಕನನ್ನಾಗಿ ಮಾಡಿದರೆ ಲೆಕ್ಕ ಸರಿಹೋಗುವುದಿಲ್ಲ. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. 2025ರ ಆಗಸ್ಟಿನಲ್ಲಿ ಕ್ಯಾಪ್‌ಹೌಸ್ ಸಂಗ್ರಹಾಲಯದ ನೌಕರರು ಸಂಬಳದ ಪ್ರಶ್ನೆಯ ಮೇಲೆ ಮುಷ್ಕರ ಹೂಡಿದರು. ಅವರಲ್ಲಿ ಹಳೆಯ ಗಣಿ ಕಾರ್ಮಿಕರೂ ಇದ್ದರು. ಗಣಿ ಹೋದರೂ, ಯಂತ್ರ ನಿಂತುಹೋದರೂ, ಆ ಜನ ಸಂಘವನ್ನು ಬಿಡಲಿಲ್ಲ. ಯಂತ್ರದ ಜೊತೆಯಲ್ಲಿ ಕಾರ್ಮಿಕನನ್ನೂ ಇಟ್ಟುಕೊಂಡರೆ ಅವನು ತನ್ನ ಹಕ್ಕನ್ನೂ ಜೊತೆಗೆ ತರುತ್ತಾನೆ.

ಈಗ ನಮ್ಮ ರಾಜ್ಯವನ್ನು ನೋಡೋಣ. ಕಲ್ಲಿದ್ದಲು ನಮ್ಮಲ್ಲಿಲ್ಲ. ಆದರೆ ಕೋಲಾರದ ಚಿನ್ನದ ಗಣಿ ಇತ್ತು. 1870ರ ದಶಕದಲ್ಲಿ ಲಾವೆಲ್ ಎಂಬ ಐರಿಷ್ ಸಿಪಾಯಿ ಮೈಸೂರು ಸರಕಾರದಿಂದ ಅಲ್ಲಿ ಚಿನ್ನ ಹುಡುಕುವ ಪರವಾನಗಿ ಪಡೆದ. 1880ರಿಂದ ಲಂಡನ್ನಿನ ಜಾನ್ ಟೇಲರ್ ಕಂಪನಿ ಕೈ ಹಾಕಿತು. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ಪಳಗಿದ ಮೇಸ್ತ್ರಿಗಳು ಬಂದರು, ಅವರ ಹಿಂದೆ ಉಗಿಯಂತ್ರಗಳು ಬಂದವು. ನೀರು ಎತ್ತಿದ್ದು ಉಗಿ. ಪಂಜರ ಎಳೆದದ್ದು ಉಗಿ. ಅದಿರು ಕುಟ್ಟಿದ್ದು ಉಗಿ. ಆ ಬಾಯ್ಲರುಗಳ ಹೊಟ್ಟೆಗೆ ದೂರದಿಂದ ತಂದ ಕಲ್ಲಿದ್ದಲೂ ಸುತ್ತಲಿನ ಕಾಡುಗಳ ಸೌದೆಯೂ ಹೋದವು.

ಆ ಖರ್ಚನ್ನು ಇಳಿಸಬೇಕೆಂದೇ ಶಿವನಸಮುದ್ರದ ವಿದ್ಯುತ್ ಯೋಜನೆ ಹುಟ್ಟಿತೆಂಬುದನ್ನು ಬಹಳ ಜನ ಮರೆತಿದ್ದಾರೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಆ ಯೋಜನೆಯಿಂದ 1902ರ ಜೂನಿನಲ್ಲಿ 92 ಮೈಲಿ ದೂರದ ಕೋಲಾರ ಗಣಿಗೆ ವಿದ್ಯುತ್ತು ಹರಿಯಿತು. ಅಷ್ಟು ಉದ್ದದ ತಂತಿ ಆಗ ಜಗತ್ತಿನಲ್ಲೇ ಅಪೂರ್ವವಾಗಿತ್ತು. ಬೆಂಗಳೂರಿನ ಬೀದಿ ದೀಪಗಳು ಹೊತ್ತಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ನಮ್ಮ ಹಳ್ಳಿಗಳಿಗೆ ದೀಪ ಬರಲು ಎಷ್ಟು ದಶಕ ಹಿಡಿಯಿತೆಂಬುದನ್ನು ಹಿರಿಯರೇ ಬಲ್ಲರು. ಕಾವೇರಿಯ ನೀರು ಮೊದಲು ಯಾರ ಕೆಲಸಕ್ಕೆ ದುಡಿಯಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಿಲ್ಲ.

ಆ ಗಣಿಯ ಚಾಂಪಿಯನ್ ರೀಫ್ ಬಾವಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ತಳದ ಬಂಡೆಯ ಕಾವು 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಮೇಲಿನ ಭಾರ ತಡೆಯಲಾರದೆ ಬಂಡೆಗಳು ತಾವಾಗಿ ಸಿಡಿಯುತ್ತಿದ್ದವು. ಅಲ್ಲಿಗೆ ಇಳಿದವರಲ್ಲಿ ಬಹುಪಾಲು ತಮಿಳು, ತೆಲುಗು ಸೀಮೆಗಳಿಂದ ಬರಗಾಲಕ್ಕೂ ಊರಿನ ಅಸ್ಪೃಶ್ಯತೆಗೂ ಬೇಸತ್ತು ಬಂದ ದಲಿತರು. ಕಲ್ಲು ಕೊರೆಯುವಾಗ ಏಳುವ ಧೂಳು ಅವರ ಶ್ವಾಸಕೋಶಗಳಲ್ಲಿ ಕುಳಿತಿತು. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಕಂಡುಬಂತು. ಸುಮಾರು 120 ವರ್ಷಗಳಲ್ಲಿ ಆ ನೆಲದಿಂದ ಬಂದ 800 ಟನ್ ಚಿನ್ನದ ಇನ್ನೊಂದು ಪಕ್ಕದ ಲೆಕ್ಕ ಇದು.

1956ರಲ್ಲಿ ಮೈಸೂರು ಸರಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. 2001ರ ಫೆಬ್ರವರಿ 28ರಂದು ಕೇಂದ್ರ ಸರಕಾರ ಗಣಿಯನ್ನು ಮುಚ್ಚಿತು. ಅಂದಿನಿಂದ ಕೋಲಾರ ಚಿನ್ನದ ಗಣಿ ಪ್ರದೇಶದ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುತ್ತಾರೆ. ಗಣಿಯ ಸಂಬಳದ ದಿನವನ್ನೇ ನಂಬಿಕೊಂಡಿದ್ದ ಬಜಾರಿನ ಅಂಗಡಿಗಳ ಗತಿ ಏನಾಯಿತೆಂಬುದನ್ನು ಸಣ್ಣ ವ್ಯಾಪಾರಿಗಳಾದ ನಮ್ಮ ವಾಚಕರು ಊಹಿಸಿಕೊಳ್ಳಬಲ್ಲರು. ಕಾರ್ಮಿಕನ ಜೇಬಿಗೂ ವ್ಯಾಪಾರಿಯ ಗಲ್ಲೆಗೂ ನಡುವೆ ಇರುವುದು ಒಂದು ವಾರದ ಸಾಲದ ಪುಸ್ತಕ ಮಾತ್ರ.

ಗೋಪುರಗಳು ಅಲ್ಲಿ ಇನ್ನೂ ನಿಂತಿವೆ. ಆದರೆ ಗಣಿ ಮುಚ್ಚಿ ಇಪ್ಪತ್ತು ವರ್ಷಕ್ಕೂ ಮೇಲಾದರೂ, ಬಿಗ್ ಪಿಟ್ ಗಣಿಯಂತೆ ಹಳೆಯ ಕಾರ್ಮಿಕನಿಗೆ ಸಂಬಳ ಕೊಟ್ಟು ಅವನ ಬಾಯಿಂದಲೇ ಗಣಿಯ ಕಥೆ ಹೇಳಿಸುವ ಸಂಗ್ರಹಾಲಯ ಅಲ್ಲಿ ಏಳಲಿಲ್ಲ. ಚಿನ್ನ ಸೋಸಿ ಬಿಟ್ಟ ಮಣ್ಣಿನ ಗುಡ್ಡಗಳು ಮಾತ್ರ ಅಧಿಕಾರಿಗಳ ನೆನಪಿನಲ್ಲಿವೆ. ಅವುಗಳಲ್ಲಿ ಇನ್ನೂ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಯೋಜನೆಗೆ 2024ರ ಜೂನಿನಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗುಡ್ಡದಲ್ಲಿ ಗ್ರಾಮಿಗೆ ಎಷ್ಟು ಚಿನ್ನವಿದೆ ಎಂಬ ಲೆಕ್ಕ ಸಿಗುತ್ತದೆ. ಆ ಗುಡ್ಡವನ್ನು ಪೇರಿಸಿದವರಲ್ಲಿ ಎಷ್ಟು ಮಂದಿ ಯಾವ ರೋಗದಿಂದ ಸತ್ತರೆಂಬ ಲೆಕ್ಕ ಕೇಳಿದರೆ ಕಡತ ಹುಡುಕಬೇಕಾಗುತ್ತದೆ.

ನಮ್ಮ ಸರಕಾರಗಳಿಗೆ ಹಳೆಯ ಯಂತ್ರದ ಮೇಲೆ ಪ್ರೀತಿಯೇ ಇಲ್ಲವೆಂದು ಹೇಳಿದರೆ ತಪ್ಪಾದೀತು. ಮೈಸೂರಿನಲ್ಲಿ 1979ರಿಂದ ರೈಲ್ವೆ ಸಂಗ್ರಹಾಲಯವಿದೆ. ಉಗಿಬಂಡಿಗಳನ್ನು ಚೆನ್ನಾಗಿ ಇಟ್ಟಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಸ್ಥಳ ಅದು. ಅಲ್ಲಿ ಮಹಾರಾಣಿಯವರು ಪ್ರಯಾಣ ಮಾಡುತ್ತಿದ್ದ ಡಬ್ಬಿಯೂ ಇದೆ. ಬೆಂಗಳೂರಿನಲ್ಲಿ 1962ರಲ್ಲಿ ನೆಹರೂ ಅವರು ಉದ್ಘಾಟಿಸಿದ ವಿಶ್ವೇಶ್ವರಯ್ಯ ಸಂಗ್ರಹಾಲಯವಿದೆ. ಯಂತ್ರಗಳು ಹೇಗೆ ಕೆಲಸ ಮಾಡುತ್ತವೆಂದು ಅಲ್ಲಿ ಕಲಿಯಬಹುದು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಮಹಾರಾಣಿಯ ಡಬ್ಬಿಯನ್ನು ಎಳೆದ ಎಂಜಿನ್ನಿಗೆ ಕಲ್ಲಿದ್ದಲು ಎರಚಿದವನ ದಿನಗೂಲಿ ಎಷ್ಟಿತ್ತು, ಅವನು ಎಷ್ಟು ಗಂಟೆ ನಿಲ್ಲುತ್ತಿದ್ದ, ಎಷ್ಟನೆಯ ವಯಸ್ಸಿಗೆ ಮನೆಗೆ ಹೋದ ಎಂಬುದನ್ನೂ ಪಕ್ಕದ ಹಲಗೆಯ ಮೇಲೆ ಬರೆಯಬೇಕೆಂದು ಕೇಳುವುದು ಅತಿಯಾಸೆಯೇ? ಧನಿ ಸವಾರಿ ಮಾಡಿದ್ದನ್ನು ಮಾತ್ರ ಉಳಿಸಿಕೊಂಡ ನೆನಪು ಅರ್ಧ ನೆನಪು.

ಈಗ ವಾಚಕರ ಆಕ್ಷೇಪಣೆಗಳಿಗೆ ಉತ್ತರ ಹೇಳಬೇಕು. ಕಬ್ಬಿಣಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆ, ಮಾರಿ ಬಂದ ಹಣದಲ್ಲಿ ಕಾರ್ಮಿಕರ ಬಾಕಿ ತೀರಿಸಬಹುದಲ್ಲ ಎಂದು ಒಬ್ಬ ವ್ಯಾಪಾರಿ ಮಿತ್ರರು ಕೇಳಿದರು. ನಿಜಕ್ಕೂ ಹಾಗೆ ತೀರಿಸುವುದಾದರೆ ನಮ್ಮ ತಕರಾರಿಲ್ಲ. ಜೀವಂತ ಮನುಷ್ಯನ ಅನ್ನಕ್ಕಿಂತ ಸತ್ತ ಯಂತ್ರ ದೊಡ್ಡದಲ್ಲ. ಆದರೆ ಗಿರಣಿ ಮುಚ್ಚಿದಾಗ ಮೊದಲು ಬ್ಯಾಂಕು, ನಂತರ ಸಾಲಗಾರರು, ಕಟ್ಟಕಡೆಗೆ ಕಾರ್ಮಿಕ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಹೋದದ್ದನ್ನೇ ನಾವು ಹೆಚ್ಚಾಗಿ ಕಂಡಿದ್ದೇವೆ. ಇನ್ನು, ಹಾಜರಿ ಪುಸ್ತಕಕ್ಕೆ ಗುಜರಿಯಲ್ಲಿ ಸಿಗುವ ಬೆಲೆ ಎಷ್ಟು? ಕಿಲೋಗೆ ಕೆಲವು ರೂಪಾಯಿ. ಕಾರ್ಮಿಕನಿಗೆ ಅದರ ಬೆಲೆ ಎಷ್ಟು? ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಬೇಕು. ಗ್ರಾಚ್ಯುಯಿಟಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು. ಧೂಳಿನ ರೋಗಕ್ಕೆ ಪರಿಹಾರ ಕೇಳಬೇಕಾದರೆ ಧೂಳಿನಲ್ಲಿ ದುಡಿದದ್ದಕ್ಕೆ ದಾಖಲೆ ಬೇಕು. ಆ ಪುಸ್ತಕದ ಒಂದು ಹಾಳೆ ಒಂದು ಸಂಸಾರದ ಮುಪ್ಪಿನ ಊಟ.

ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳುವುದೆಲ್ಲ ಕಾರ್ಮಿಕನಿಗೆ ಒಳಿತೇ ಎಂದೂ ನಾವು ಹೇಳುವುದಿಲ್ಲ. 1930ರಲ್ಲಿ ಕೋಲಾರದ ಗಣಿ ಕಾರ್ಮಿಕರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮದ ವಿರುದ್ಧ ಸಾವಿರಗಟ್ಟಲೆ ಜನ ಕೆಲಸ ನಿಲ್ಲಿಸಿದರು. ಕಳ್ಳರಂತೆ ಹೆಬ್ಬೆಟ್ಟು ಒತ್ತಿಸಿಕೊಂಡು ತಮ್ಮನ್ನು ಹಿಡಿದಿಡುವ ಉಪಾಯವೆಂದು ಅವರು ಅದನ್ನು ತಿಳಿದರು. ಅಂದು ದಾಖಲೆ ಬೇಡವೆಂದು ಹೋರಾಡಿದವರೂ ಇಂದು ದಾಖಲೆ ಬೇಕೆಂದು ಅಲೆಯುವವರೂ ಒಂದೇ ನ್ಯಾಯವನ್ನು ಕೇಳುತ್ತಿದ್ದಾರೆ. ಧನಿಯ ಪೆಟ್ಟಿಗೆಯೊಳಗೆ ಮಾತ್ರ ಇರುವ ದಾಖಲೆ ಕಾರ್ಮಿಕನನ್ನು ಕಟ್ಟುವ ಹಗ್ಗ. ಸಾರ್ವಜನಿಕರ ಕೈಗೆ ಸಿಗುವ ದಾಖಲೆ ಅವನು ಹಿಡಿದು ಮೇಲೆ ಬರುವ ಹಗ್ಗ. ಬೇಕಾದಾಗ ಹೆಸರು ಬರೆಸಿಕೊಂಡು, ಬೇಡವಾದಾಗ ರದ್ದಿಗೆ ಹಾಕುವ ಸ್ವಾತಂತ್ರ್ಯ ಧನಿಗೆ ಇರಬಾರದು ಎಂಬುದೇ ನಮ್ಮ ವಾದ.

ಯಂತ್ರವನ್ನೂ ಏಕೆ ಇಡಬೇಕು, ಪುಸ್ತಕ ಸಾಲದೇ ಎಂದರೆ ಅದಕ್ಕೂ ಕಾರಣವಿದೆ. ಯಂತ್ರದ ಮುಂದೆ ನಿಂತಾಗಲೇ ಕೆಲಸದ ಅಳತೆ ತಿಳಿಯುತ್ತದೆ. ಉರುಳೆಯ ಎತ್ತರ ನೋಡಿದವನು ಅದು ತಪ್ಪಿ ತಿರುಗಿದರೆ ಏನಾಗುತ್ತಿತ್ತೆಂದು ತಾನೇ ಲೆಕ್ಕ ಹಾಕುತ್ತಾನೆ. ಬಾಯ್ಲರಿನ ಬಾಯಿ ನೋಡಿದವನಿಗೆ ಎಂಟು ಗಂಟೆ ಅದರ ಮುಂದೆ ನಿಲ್ಲುವುದೆಂದರೆ ಏನೆಂದು ಹೇಳಬೇಕಾಗಿಲ್ಲ. 1863ರಲ್ಲಿ ಕಲ್ಕತ್ತದಲ್ಲಿ ಬಾಯ್ಲರು ಸಿಡಿದು ಜನ ಸತ್ತ ಮೇಲೆಯೇ ನಮ್ಮ ದೇಶದ ಮೊದಲ ಬಾಯ್ಲರು ಕಾನೂನು ಬಂಗಾಳದಲ್ಲಿ 1864ರಲ್ಲಿ ಬಂತು. ಆ ಮೇಲೆ 1923ರ ಕಾಯ್ದೆ ಬಂತು. 2025ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾಯ್ದೆ ಬಂದಿದೆ. ಸುರಕ್ಷಿತತೆಯ ಒಂದೊಂದು ಕಲಮಿನ ಹಿಂದೆಯೂ ಯಾವುದೋ ಊರಿನ ಒಂದು ಸ್ಫೋಟವಿದೆ. ಅದನ್ನು ಮರೆತ ಸಮಾಜ, ತಪಾಸಣೆಯ ನಿಯಮಗಳು ಉದ್ಯಮಕ್ಕೆ ತೊಡಕು ಎಂಬ ಮಾತನ್ನು ಸುಲಭವಾಗಿ ನಂಬಿಬಿಡುತ್ತದೆ.

ಉಗಿಯ ಕಾಲ ಮುಗಿದುಹೋಯಿತೆಂದು ತಿಳಿಯುವುದೂ ತಪ್ಪು. ಶೇಂಗಾ ಹೊಟ್ಟು ಉರಿಸಿ ಉಗಿ ಮಾಡುವ ಗಿರಣಿಗಳಲ್ಲಿ ದುಡಿಯುವವರಿಗೆ ಇದು ಗೊತ್ತು. ರಾಯಚೂರಿನ ಉಷ್ಣವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಇಂದಿಗೂ ನೀರನ್ನು ಉಗಿ ಮಾಡಿಯೇ ಚಕ್ರ ತಿರುಗಿಸುತ್ತದೆ. ಕೈಗಾದ ಅಣುಸ್ಥಾವರದಲ್ಲಿಯೂ ಅಣು ಒಡೆದು ಬಂದ ಶಾಖ ಕೊನೆಗೆ ಮಾಡುವ ಕೆಲಸ ಅದೇ.

ಅಣುವಿನ ಮಾತು ಬಂದಾಗ ದೊಡ್ಡಉಳ್ಳಾರ್ತಿಯವರು ಸುಮ್ಮನಿರಲಾರರು. ಅಮೃತಮಹಲ್ ದನಗಳಿಗಾಗಿ ಮೈಸೂರು ಅರಸರ ಕಾಲದಿಂದ ಮೀಸಲಾಗಿದ್ದ, ಸುತ್ತಲಿನ ಹಳ್ಳಿಗಳ ದನಕುರಿಗಳು ಮೇಯುತ್ತಿದ್ದ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ 1,800 ಎಕರೆಯಷ್ಟು ನೆಲ ಹೋಯಿತು. ಪಕ್ಕದ ಕುದಾಪುರ, ವರವು ಕಾವಲುಗಳಲ್ಲಿ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಇನ್ನೂ ಸಾವಿರಾರು ಎಕರೆ ಹೋಯಿತು. ವಿಜ್ಞಾನಕ್ಕೆ ನಾವು ವಿರೋಧಿಗಳಲ್ಲ. ಆದರೆ ಮುಂದೊಂದು ದಿನ ಆ ಯಂತ್ರಗಳೂ ಹಳೆಯವಾಗುತ್ತವೆ. ಆಗ ಯಾರಾದರೂ ಅವನ್ನು ಒರಸಿ ಗಾಜಿನ ಹಿಂದೆ ಇಟ್ಟರೆ, ಆ ನೆಲದಲ್ಲಿ ಹಿಂದೆ ಕುರಿ ಕಾಯುತ್ತಿದ್ದವರು ಯಾರು, ಬೇಲಿ ಬಿದ್ದ ಮೇಲೆ ಅವರು ಯಾವ ಗಿರಣಿಯ ಪಾಳಿಗೆ ಬಸ್ಸು ಹತ್ತಿದರು ಎಂಬುದನ್ನು ಹೇಳುವ ಪುಸ್ತಕ ಎಲ್ಲಿರುತ್ತದೆ? ಅದನ್ನು ಬರೆದಿಡುವ ಕೆಲಸ ಇಂದೇ ಆಗಬೇಕು.

ನಮ್ಮ ಸೀಮೆಯಲ್ಲಿಯೇ ಕೈಗೆ ಎಟುಕುವ ಕೆಲಸ ಬೇಕಾದಷ್ಟಿದೆ. ದುರ್ಗದ ಹತ್ತಿರ ಇಂಗಳದಾಳದ ತಾಮ್ರದ ಗಣಿ ನಿಂತುಹೋಗಿದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯ ಹತ್ತಿ ಗಿರಣಿಗಳ ಕೂಗು ಅಡಗಿದೆ. ಎಣ್ಣೆಯ ವ್ಯಾಪಾರದಲ್ಲಿ ಮುಂಬಯಿಯ ನಂತರ ತಾನೇ ಎಂದು ಹೆಸರಾಗಿದ್ದ ಚಳ್ಳಕೆರೆಯಲ್ಲಿಯೂ ಬೀಗ ಬಿದ್ದ ಗಿರಣಿಗಳಿವೆ. ಇವುಗಳ ವಿಷಯದಲ್ಲಿ ನಮ್ಮ ಬೇಡಿಕೆಗಳು ಇವು.

ಮೊದಲನೆಯದು, ಮುಚ್ಚಿದ ಗಿರಣಿ ಅಥವಾ ಗಣಿಯ ಯಂತ್ರಗಳನ್ನು ಹರಾಜು ಹಾಕುವ ಮುಂಚೆ ಅಲ್ಲಿಯ ಹಾಜರಿ, ಸಂಬಳ ಮತ್ತು ಅಪಘಾತದ ಪುಸ್ತಕಗಳನ್ನು ಜಿಲ್ಲಾ ಕಾರ್ಮಿಕ ಇಲಾಖೆಗೆ ಒಪ್ಪಿಸಿ ರಸೀದಿ ಪಡೆಯಬೇಕೆಂಬ ನಿಯಮವಾಗಬೇಕು. ರಸೀದಿ ಇಲ್ಲದೆ ಹರಾಜಿಗೆ ಅನುಮತಿ ಸಿಗಬಾರದು. ಎರಡನೆಯದು, ಆ ಪುಸ್ತಕಗಳಲ್ಲಿ ತನ್ನ ಹೆಸರನ್ನು ನೋಡಿ ನಕಲು ಪಡೆಯುವ ಹಕ್ಕು ಪ್ರತಿಯೊಬ್ಬ ಕಾರ್ಮಿಕನಿಗೂ, ಅವನು ಇಲ್ಲವಾದರೆ ಅವನ ಹೆಂಡತಿ ಮಕ್ಕಳಿಗೂ ಇರಬೇಕು. ಮೂರನೆಯದು, ನಮ್ಮ ಗಿರಣಿಗಳಿಂದ ಒಂದು ಬಾಯ್ಲರನ್ನೋ ಒಂದು ಎಂಜಿನ್ನನ್ನೋ ಗುಜರಿಯಿಂದ ಬಿಡಿಸಿ ಚಳ್ಳಕೆರೆಯಲ್ಲಾಗಲಿ ದುರ್ಗದಲ್ಲಾಗಲಿ ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಬೇಕು. ಅದರ ಪಕ್ಕದಲ್ಲಿ ತಯಾರಿಸಿದ ಕಂಪನಿಯ ಹೆಸರಿನ ಜೊತೆಗೆ ದುಡಿದವರ ಹೆಸರುಗಳೂ ಇರಬೇಕು. ನಾಲ್ಕನೆಯದು, ಕೋಲಾರದ ಮಣ್ಣಿನ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆದರೆ ಬಂದ ಆದಾಯದಲ್ಲಿ ಒಂದು ಪಾಲು ಹಳೆಯ ಗಣಿ ಕಾರ್ಮಿಕರ ಚಿಕಿತ್ಸೆಗೂ, ಅವರೇ ನಡೆಸುವ ಒಂದು ಸಂಗ್ರಹಾಲಯಕ್ಕೂ ಮೀಸಲಾಗಬೇಕು.

ಇವುಗಳಲ್ಲಿ ಸರಕಾರ ಮಾಡಬೇಕಾದದ್ದನ್ನು ಸರಕಾರದಿಂದ ಮಾಡಿಸಲು ಹೋರಾಡೋಣ. ಆದರೆ ಅದಕ್ಕೆ ಕಾಯದೆ ನಾವೇ ಮಾಡಬಹುದಾದ ಕೆಲಸವೂ ಒಂದಿದೆ. ಗಿರಣಿಯ ಹಳೆಯ ಕಾರ್ಮಿಕರು ತಮ್ಮಲ್ಲಿ ಉಳಿದಿರುವ ಗುರುತಿನ ಚೀಟಿ, ಸಂಬಳದ ಚೀಟಿ, ಸಂಘದ ಚಂದಾ ರಸೀದಿ, ಏನಿದ್ದರೂ ನಮ್ಮ ಕಚೇರಿಗೆ ತರಲಿ. ನಕಲು ತೆಗೆದುಕೊಂಡು ಮೂಲವನ್ನು ಅಲ್ಲೇ ಹಿಂದಿರುಗಿಸುತ್ತೇವೆ. ವ್ಯಾಪಾರಿ ಮಿತ್ರರ ಹಳೆಯ ಖಾತೆ ಪುಸ್ತಕಗಳಲ್ಲಿ ಯಾವ ಗಿರಣಿಯ ಯಾವ ಕಾರ್ಮಿಕ ಯಾವ ವರ್ಷ ಅಕ್ಕಿ ಬೇಳೆ ಸಾಲ ತಂದನೆಂಬುದು ಬರೆದಿರುತ್ತದೆ. ಹಾಜರಿ ಪುಸ್ತಕವೇ ಇಲ್ಲವಾದ ಕಡೆ ಆ ಖಾತೆ ಪುಸ್ತಕವೂ ಒಂದು ಸಾಕ್ಷಿಯಾಗಬಹುದು. ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ.

ದೊಡ್ಡಉಳ್ಳಾರ್ತಿಯ ಆ ವೃದ್ಧರಿಗೆ ಮುಂದಿನ ಸೋಮವಾರ ಕಚೇರಿಗೆ ಬರಲು ಹೇಳಿದ್ದೇವೆ. ಅವರ ಜೊತೆಯಲ್ಲಿ ಅದೇ ಒಲೆಯ ಮುಂದೆ ದುಡಿದ ಇನ್ನಿಬ್ಬರು ಬದುಕಿದ್ದಾರಂತೆ. ಮೂವರ ಹೇಳಿಕೆಗಳನ್ನೂ ಬರೆದುಕೊಂಡು ಕಾರ್ಮಿಕ ಇಲಾಖೆಯ ಮುಂದೆ ಇಡುತ್ತೇವೆ. ಆ ಗಿರಣಿಯಲ್ಲಿ ದುಡಿದವರು ಬೇರೆ ಯಾರಾದರೂ ಇದನ್ನು ಓದಿದರೆ ಅವರೂ ಬರಬೇಕು.